ಮೆಟ್ಟಿಲ ಕೆಳಗೆ ಸ್ಕೂಟರ್ ಬ್ಯಾಟರಿ ಚಾರ್ಜಿಂಗ್, ಓನರ್‌ಗೆ ಹೇಗೆ ಹೇಳೋದು?

ಪೀಣ್ಯ_ಸ್ಟೋರ್‌ಕೀಪರ್:
ನಮ್ಮದು ಚಿಕ್ಕ ಗೋಡೌನ್. ಡೆಲಿವರಿ ಹುಡುಗರು 11 ಜನ, ಎಲ್ಲರದ್ದೂ ಎಲೆಕ್ಟ್ರಿಕ್ ಸ್ಕೂಟರ್. ರಾತ್ರಿ ಬಂದವರೇ ಬ್ಯಾಟರಿ ಬಿಚ್ಚಿ ಮೆಟ್ಟಿಲ ಕೆಳಗೆ, ರಟ್ಟಿನ ಡಬ್ಬಗಳ ಪಕ್ಕದಲ್ಲೇ ಇಟ್ಟು, ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಐದು ಚಾರ್ಜರ್ ಸಿಕ್ಕಿಸಿ ಮೇಲೆ ಹೋಗಿ ಮಲಗುತ್ತಾರೆ. ಇಳಿಯೋಕೆ ಇರೋದು ಅದೊಂದೇ ಮೆಟ್ಟಿಲು. ಮೊನ್ನೆ ನೋಡಿದರೆ ಒಂದು ಬ್ಯಾಟರಿ ಪಕ್ಕಕ್ಕೆ ಉಬ್ಬಿದೆ, ಸೀಟಿನ ಕೆಳಗಿನ ಗೂಡಿಗೆ ಇಳಿಯುತ್ತಲೇ ಇಲ್ಲ. ಓನರ್‌ಗೆ ಹೇಳಿದರೆ "ಗೋಡೆಯಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇದೆಯಲ್ಲ" ಅಂತಾರೆ.

ಬ್ಯಾಟರಿ_ರಿಪೇರಿ:
ಆ ಉಬ್ಬಿದ್ದನ್ನು ಇನ್ನು ಚಾರ್ಜ್‌ಗೆ ಹಾಕಲೇಬೇಡಿ ಸರ್. ಬಯಲಲ್ಲಿ, ಗೋಡೆಯಿಂದ ದೂರ, ನೆರಳಲ್ಲಿಡಿ. ಗುಜರಿಗೂ ಕೊಡಬೇಡಿ, ಅವರು ಸುತ್ತಿಗೆಯಲ್ಲಿ ಒಡೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ತಗೊಳ್ಳೋ ಜವಾಬ್ದಾರಿ ತಯಾರಕರದ್ದೇ.
ಆಮೇಲೆ ಚಾರ್ಜರ್ ಅದಲುಬದಲು ಆಗ್ತಿದೆಯಾ ನೋಡಿ. ನನ್ನ ಹತ್ತಿರ ಬರುವುದರಲ್ಲಿ ಇದೇ ಜಾಸ್ತಿ. 48 ವೋಲ್ಟ್ ಪ್ಯಾಕ್‌ನಲ್ಲಿ 13 ಸೆಲ್ ಸಾಲಾಗಿದ್ದರೆ 54.6 ವೋಲ್ಟ್‌ಗೇ ಫುಲ್. ಪಿನ್ ಸೇರುತ್ತೆ ಅಂತ 60 ವೋಲ್ಟ್‌ನ ಚಾರ್ಜರ್ ಚುಚ್ಚಿದರೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯೋ ಸರ್ಕ್ಯೂಟ್) ತಡೆಯಬೇಕು, ಯಾರೋ ರಿಪೇರಿಯವನು ಅದನ್ನೇ ಬೈಪಾಸ್ ಮಾಡಿಟ್ಟಿದ್ದರೆ ಮುಗೀತು. ಬಿಸಿ ಬ್ಯಾಟರಿಯನ್ನೂ ಬಂದ ತಕ್ಷಣ ಹಾಕಬಾರದು, ಊಟ ಮುಗಿಸಿ ಹಾಕಲಿ.

ಸೇಫ್ಟಿ_ಮಾವ:
ಓನರ್‌ಗೆ ಸಿಕಂದರಾಬಾದ್ ಬೆಂಕಿ ದುರಂತ ನೆನಪಿಸಿ. 2022ರ ಸೆಪ್ಟೆಂಬರ್, ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂ, ಮೇಲೆ ಲಾಡ್ಜ್. ಹೊಗೆ ಮೇಲೇರಿ 8 ಜನ ಸತ್ತರು. ನಿಮ್ಮ ಗೋಡೌನೂ ಹಾಗೇ ಇದೆ ಅಲ್ವಾ?
ಪೌಡರ್ ಸಿಲಿಂಡರ್ ಜ್ವಾಲೆ ಆರಿಸುತ್ತೆ, ಸೆಲ್‌ನ ಕಾವು ಇಳಿಸಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿಕೊಳ್ಳುತ್ತೆ. ತಣಿಸೋಕೆ ನೀರು ಬೇಕು, ಅದೂ ಬಕೆಟ್ ಲೆಕ್ಕದಲ್ಲಲ್ಲ. ಬುಸ್ ಅನ್ನೋ ಸದ್ದು, ಬಿಳಿ ಹೊಗೆ ಕಂಡರೆ ಹತ್ತಿರ ಹೋಗದೆ ಎಲ್ಲರೂ ಹೊರಗೆ ಓಡಿ 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ.

ಪೀಣ್ಯ_ಸ್ಟೋರ್‌ಕೀಪರ್:
ಥ್ಯಾಂಕ್ಸ್. ಬೆಳಿಗ್ಗೆ ಒಂದೊಂದು ಬ್ಯಾಟರಿಗೂ ಅದರ ಚಾರ್ಜರ್‌ಗೂ ಒಂದೇ ನಂಬರ್ ಪೇಂಟ್‌ನಲ್ಲಿ ಬರೆದೆ. ಬರೆಯೋವಾಗಲೇ ಗೊತ್ತಾಯ್ತು, ಎರಡು ಜೋಡಿ ಅದಲುಬದಲಾಗಿವೆ, ಅದರಲ್ಲಿ ಒಂದು ಉಬ್ಬಿದ್ದೇ! ಓನರ್ ಹಿಂದಿನ ಶೀಟ್ ಶೆಡ್‌ಗೆ ವೈರಿಂಗ್ ಎಳೆಸಲು ಒಪ್ಪಿದ್ದಾರೆ, ಸೋಮವಾರ ಎಲೆಕ್ಟ್ರಿಷಿಯನ್ ಬರ್ತಾನೆ. ಅಲ್ಲೀವರೆಗೆ ಹಗಲಲ್ಲಿ, ನಾನಿರುವಾಗ ಮಾತ್ರ ಚಾರ್ಜಿಂಗ್. ಹುಡುಗರು ಬೈಕೊಳ್ತಿದ್ದಾರೆ, ಬೈಕೊಳ್ಳಲಿ.