ಪುಟ್ಟನ ಮೆರವಣಿಗೆ ಫೋಟೋ
ಗುಂಪು: ಮನೆಮಂದಿ

ದೊಡ್ಡಪ್ಪ: [ಫೋಟೋ] ನೋಡ್ರಪ್ಪ ನಮ್ಮ ಪುಟ್ಟನ್ನ! ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರ್ ಹುಟ್ಟುಹಬ್ಬದ ಮೆರವಣಿಗೆ. ಕಿಂಗ್ ಎಡ್ವರ್ಡ್ ಸ್ಕೂಲಿನ ಹುಡುಗರು ಹೂವು ಹಿಡ್ಕೊಂಡು ಹೋಲಿ ಟ್ರಿನಿಟಿ ಚರ್ಚಿನಲ್ಲಿರೋ ಅವನ ಸಮಾಧಿ ತನಕ ನಡೀತಾರೆ. 1553ರಲ್ಲಿ ದೊರೆ ಆರನೇ ಎಡ್ವರ್ಡ್ ಸನದು ಕೊಟ್ಟ ಶಾಲೆ. ಗ್ರಾಮರ್ ಸ್ಕೂಲು, ಅಂದ್ರೆ ಪರೀಕ್ಷೆ ಇಟ್ಟು ಮಕ್ಕಳನ್ನ ಆರಿಸೋ ಸರ್ಕಾರಿ ಶಾಲೆ. ಬುದ್ಧಿ ಒಂದನ್ನೇ ನೋಡಿ ಸೀಟು ಕೊಡ್ತಾರೆ.

ಚಿಕ್ಕಮ್ಮ: ಕೋಟಿನ ತೋಳು ಬೆರಳು ಮುಚ್ಚಿದೆ, ಮುದ್ದು ಬರುತ್ತೆ. ದೃಷ್ಟಿ ತೆಗಿಯೇ.

ಅಕ್ಕ: ಎರಡು ವರ್ಷ ಬರಲಿ ಅಂತ ದೊಡ್ಡದೇ ತಗೊಂಡ್ವಿ ಚಿಕ್ಕಮ್ಮ.
ದೊಡ್ಡಪ್ಪ, ಬೇಜಾರಾಗ್ಬೇಡಿ. ಸ್ಕೂಲಿಗೆ ಫೀಸಿಲ್ಲ, ನಿಜ. ಆದ್ರೆ ಇಲೆವೆನ್ ಪ್ಲಸ್ ಅನ್ನೋ ಆ ಪ್ರವೇಶ ಪರೀಕ್ಷೆಗೆ ಅಂತ ಎರಡು ವರ್ಷ ಟ್ಯೂಷನ್‌ಗೆ ದುಡ್ಡು ಸುರಿದಿದ್ದೀವಿ. ಪಕ್ಕದ ಮನೆ ಹುಡುಗ ಲೆಕ್ಕದಲ್ಲಿ ಪುಟ್ಟನಿಗಿಂತ ಚುರುಕು. ಅವನಮ್ಮಂಗೆ ಕೇರ್ ಹೋಮಲ್ಲಿ ನೈಟ್ ಶಿಫ್ಟ್. ಪರೀಕ್ಷೆ ಸೆಪ್ಟೆಂಬರಿನಲ್ಲಾದ್ರೂ ಹೆಸರು ಬೇಸಿಗೇಲೇ ಕೊಡ್ಬೇಕು ಅಂತ ಆಕೆಗೆ ಗೊತ್ತಾಗಿದ್ದು ಎಲ್ಲ ಮುಗಿದ್ಮೇಲೆ.

ದೊಡ್ಡಪ್ಪ: ಅದಕ್ಕೆ ಪರೀಕ್ಷೆ ಏನು ಮಾಡುತ್ತಮ್ಮ? ಕೈಗವಸು ಹೊಲಿಯೋನ ಮಗ ಅಲ್ಲೇ ಲ್ಯಾಟಿನ್ ಕಲಿತು ಷೇಕ್ಸ್‌ಪಿಯರ್ ಆದ.

ನಾನು: ದೊಡ್ಡಪ್ಪ, ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲ. ಷೇಕ್ಸ್‌ಪಿಯರ್‌ನ ಅಪ್ಪ 1568ರಲ್ಲಿ ಊರಿನ ಬೇಲಿಫ್, ಅಂದ್ರೆ ಮೇಯರ್ ಥರ, ಆಗಿದ್ದ, ಹಾಗಾಗಿ ಮಗ ಅಲ್ಲೇ ಓದಿರ್ಬೇಕು ಅನ್ನೋದು ಅಂದಾಜು. ಓದಿದ್ರೂ ಇಲೆವೆನ್ ಪ್ಲಸ್ ಬರೆದು ಸೇರಿದ್ದಲ್ಲ. ಊರ ಗಂಡುಮಕ್ಕಳಿಗೆ ಪುಕ್ಕಟೆ ಕಲಿಸೋಕೆ ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಸಂಬಳ, ಇರೋಕೆ ಮನೆ ಕೊಟ್ಟಿದ್ರು. ಆ ಶಾಲೆಯ ನಿಜವಾದ ಪರಂಪರೆ ಅದು.

ದೊಡ್ಡಪ್ಪ: ಅರ್ಧ ಓದ್ಕೊಂಡು ಬಂದಿದ್ದೀಯ. ಆಮೇಲೆ ಎಷ್ಟೋ ಗ್ರಾಮರ್ ಸ್ಕೂಲುಗಳು ಫೀಸು ವಸೂಲಿಗೆ ಇಳಿದ್ವು. ಸರ್ಕಾರಿ ಗ್ರಾಮರ್ ಸ್ಕೂಲಲ್ಲಿ ಫೀಸು ತೆಗೆದಿದ್ದು 1944ರ ಕಾಯ್ದೆ. ಗಣಿ ಕೆಲಸದವರ ಮಕ್ಕಳೂ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ್ದು ಈ ಪರೀಕ್ಷೆಯಿಂದ್ಲೇ. ಈಗ ಇಡೀ ಇಂಗ್ಲೆಂಡಿಗೆ ಉಳಿದಿರೋದು 163 ಗ್ರಾಮರ್ ಸ್ಕೂಲು. ಹೊಸದು ತೆರೀಬಾರ್ದು ಅಂತ 1998ರಲ್ಲಿ ಕಾನೂನೇ ಮಾಡಿದ್ರು. ಬಾಗಿಲು ಕಿರಿದು ಮಾಡಿದ್ರೆ ನೂಕುನುಗ್ಗಲು ಆಗದೆ ಇನ್ನೇನು?

ಅಕ್ಕ: ಪಾಸಾದೋರ ಕಥೆ ಅಷ್ಟೇ ಹೇಳ್ತೀರಿ. ಉಳಿದ ಮುಕ್ಕಾಲು ಪಾಲು ಮಕ್ಕಳು ಹನ್ನೊಂದನೇ ವಯಸ್ಸಿಗೇ 'ನಾನು ಫೇಲು' ಅಂದ್ಕೊಂಡು, ಪಾಸಾಗದೋರಿಗೆ ಅಂತಿದ್ದ ಸೆಕೆಂಡರಿ ಮಾಡರ್ನ್ ಸ್ಕೂಲಿಗೆ ಹೋದ್ರಲ್ಲ?

ಚಿಕ್ಕಮ್ಮ: ಭಾವ, ನಾನೂ ಇಪ್ಪತ್ತು ವರ್ಷ ಐದನೇ ಕ್ಲಾಸಿನ ಮಕ್ಕಳನ್ನ ನವೋದಯ ಪರೀಕ್ಷೆಗೆ ಕೂರಿಸಿದ್ದೀನಿ. ಅಲ್ಲೂ ಆಯ್ಕೆ ಇದೆ. ಆದ್ರೆ ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೇ ಇಟ್ಟಿದ್ದಾರೆ. ಅರ್ಜಿ ನಾನೇ ಮನೆಮನೆಗೆ ಹೋಗಿ ತುಂಬಿಸ್ತಿದ್ದೆ. ಹಾಗೆ ಹೋಗದಿದ್ರೆ ಎಷ್ಟೋ ಮಕ್ಕಳು ಬರೀತಾನೇ ಇರ್ಲಿಲ್ಲ.

ಅಕ್ಕ: ಇಲ್ಲೂ ಕೆಲವು ಗ್ರಾಮರ್ ಸ್ಕೂಲುಗಳು ಬಡ ಮಕ್ಕಳಿಗೆ ಕಟ್‌ಆಫ್ ಇಳಿಸಿವೆ ಚಿಕ್ಕಮ್ಮ. ಸಾಲದು.

ದೊಡ್ಡಪ್ಪ: ಆ ಪಕ್ಕದ ಮನೆ ಹುಡುಗ ಈಗೇನು ಮಾಡ್ತಿದ್ದಾನೆ?

ಅಕ್ಕ: ಹತ್ತಿರದ ಸ್ಕೂಲಿಗೆ ಸೇರಿದ್ದಾನೆ. ಮೆರವಣಿಗೆ ದಿನ ರಸ್ತೆ ಬದಿ ನಿಂತು ಪುಟ್ಟನಿಗೆ ಕೈ ಬೀಸಿದ. ಅವನಿಗೊಬ್ಬ ತಮ್ಮ ಇದ್ದಾನೆ, ಮುಂದಿನ ವರ್ಷ ಬರೀಬೇಕು. ಅವರಮ್ಮಂಗೆ ತಾರೀಖು ಬರೆದು ಫ್ರಿಜ್ ಮೇಲೆ ಅಂಟಿಸಿ ಬಂದಿದ್ದೀನಿ.

ದೊಡ್ಡಪ್ಪ: ಒಳ್ಳೇದು ಮಾಡಿದೆ ಮಗಳೇ. ಪುಟ್ಟನ ಹಳೇ ಪೇಪರ್‌ಗಳನ್ನೂ ಕೊಡು. ಆದ್ರೆ ಪರೀಕ್ಷೇನೇ ತೆಗೀಬೇಕು ಅಂದ್ರೆ ಈಗ್ಲೂ ನಾನು ಒಪ್ಪಲ್ಲ.