ಹಳೇ ರಿವೆನ್ ಆಡುವುದಾ, ಹೊಸದಾ? ಆಡಿದವರು ಹೇಳಿ

ಕುವೆಂಪುನಗರ, ಮೈಸೂರು:

ನಾನೂ ನಮ್ಮಕ್ಕನೂ ಚಿಕ್ಕವರಿದ್ದಾಗ ಮಿಸ್ಟ್ ಅನ್ನುವ ಒಗಟಿನ ಕಂಪ್ಯೂಟರ್ ಆಟ ಆಡಿ ಮುಗಿಸಿದ್ದೆವು. ರಾಕೆಟ್ ಒಳಗೆ ಐದು ಸ್ವರ ಹೊಂದಿಸುವ ಒಗಟು ಇದೆಯಲ್ಲ, ಅದನ್ನು ಅವಳೇ ಬಿಡಿಸಿದ್ದು. ಆಗ ಸಂಗೀತ ಪಾಠಕ್ಕೆ ಹೋಗುತ್ತಿದ್ದಳು, ಕಿವಿಯಲ್ಲೇ ಕೇಳಿ ಹೊಂದಿಸಿಬಿಟ್ಟಳು. ಆಮೇಲೆ ಅದರ ಮುಂದಿನ ಭಾಗ ರಿವೆನ್ ತಂದೆವು. ಅರ್ಧ ಆಗಿತ್ತು, ಅಷ್ಟರಲ್ಲಿ ಅಕ್ಕ ಇಂಜಿನಿಯರಿಂಗ್ ಓದಲು ಸುರತ್ಕಲ್‌ಗೆ ಹೋದಳು. ಅಲ್ಲಿಗೇ ನಿಂತುಹೋಯಿತು. ಈ ಸಲ ದಸರಾ ರಜೆಗೆ ಮನೆಗೆ ಬರುತ್ತಿದ್ದಾಳೆ, ಇಬ್ಬರೂ ಕೂತು ಮುಗಿಸಬೇಕು ಅಂತ ನನಗೆ ತುಂಬಾ ಆಸೆ. ಐದು ಸಿಡಿಯೂ ಭದ್ರವಾಗಿವೆ. ಆದರೆ 2024ರಲ್ಲಿ ಹೊಸದಾಗಿ ಮಾಡಿದ ರಿವೆನ್ ಬಂದಿದೆಯಂತೆ. ಯಾವುದು ಆಡೋಣ? ಹಳೇ ಆಟಗಳಿಗೆ ಮತ್ತೆ ಹೋದವರಿಗೆ ಆಗಿನಂತೆ ಒಳಗೆ ಮುಳುಗಲು ಆಯಿತಾ?

ಸರಸ್ವತಿಪುರಂ:

ಹೊಸದನ್ನೇ ಆಡಿ. ಎರಡನ್ನೂ ಮುಗಿಸಿದವನಾಗಿ ಹೇಳುತ್ತಿದ್ದೇನೆ.

1997ರ ರಿವೆನ್ ನಿಂತ ಚಿತ್ರಗಳ ಆಟ. ಕ್ಲಿಕ್ ಮಾಡಿದರೆ ಮುಂದಿನ ಚಿತ್ರ, ಇನ್ನೊಂದು ಕ್ಲಿಕ್ ಮಾಡಿದರೆ ಅದರ ಮುಂದಿನದು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಸಿಡಿ ಬದಲಿಸಬೇಕಿತ್ತು, ನಿಮಗೂ ನೆನಪಿರುತ್ತದೆ. ಹೊಸದರಲ್ಲಿ ಅದೇ ದ್ವೀಪಗಳಲ್ಲಿ ನಿಮಗೆ ಬೇಕಾದ ಕಡೆ ನಡೆದುಕೊಂಡು ಹೋಗಬಹುದು. ಮಾಡಿದವರು ಬೇರೆಯವರಲ್ಲ, ಅದೇ ಸಯಾನ್ ಸಂಸ್ಥೆ. 1993ರಲ್ಲಿ ಮಿಸ್ಟ್ ಮಾಡಿದ ಅಣ್ಣತಮ್ಮ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಕಟ್ಟಿದ್ದು. ಹಾಗಾಗಿ ಜಾಗದ ಗುಣ ಕೆಟ್ಟಿಲ್ಲ. ಇನ್ನೊಂದು ಮುಖ್ಯ ವಿಷಯ, ಹಲವು ಒಗಟುಗಳನ್ನು ಬದಲಾಯಿಸಿದ್ದಾರೆ. ಹಳೇ ಉತ್ತರ ಅರ್ಧಂಬರ್ಧ ನೆನಪಿದ್ದರೂ ಆಟ ಕೆಡುವುದಿಲ್ಲ. ನೀವಿಬ್ಬರೂ ಒಂದೇ ಕಡೆಯಿಂದ ಶುರು ಮಾಡುತ್ತೀರಿ. ಅಕ್ಕನ ಜೊತೆ ಆಡಲು ಇದಕ್ಕಿಂತ ಇನ್ನೇನು ಬೇಕು?

ಆದರೆ ಹಳೇದಾ ಹೊಸದಾ ಅನ್ನುವುದಕ್ಕಿಂತ ಹೇಗೆ ಆಡುತ್ತೀರಿ ಅನ್ನುವುದೇ ದೊಡ್ಡದು. ನಾನು ಮೊದಲು ಹಳೇದನ್ನು ಮತ್ತೆ ಆಡಿದಾಗ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡಿದ್ದೆ, ಫೋನನ್ನು ಅಡುಗೆಮನೆಯಲ್ಲಿ ಬಿಟ್ಟಿದ್ದೆ. ಕಾಡಿನ ದ್ವೀಪದ ಹಳ್ಳಿಯಲ್ಲಿ ಮಕ್ಕಳ ಶಾಲೆ ಇದೆ. ಅಲ್ಲಿ ಒಂದು ಆಟಿಕೆ. ಹಿಡಿ ತಿರುಗಿಸಿದರೆ ಒಂದು ಗುರುತು ಕಾಣುತ್ತದೆ, ಮೇಲೆ ತೂಗುಬಿದ್ದ ಪುಟ್ಟ ಗೊಂಬೆ ಟಕ್ ಟಕ್ ಅಂತ ಅಷ್ಟೇ ಹೆಜ್ಜೆ ಕೆಳಗಿಳಿಯುತ್ತದೆ, ಅದರ ಕೆಳಗೆ ಬಾಯಿ ತೆರೆದ ಒಂದು ದೊಡ್ಡ ಪ್ರಾಣಿ. ಮತ್ತೆ ಮತ್ತೆ ತಿರುಗಿಸಿ ನೋಡಿದರೆ ಆ ಊರಿನ ಮಕ್ಕಳು ಎಣಿಕೆ ಕಲಿಯುತ್ತಿದ್ದ ಹಾಗೆಯೇ ನಾವೂ ಆ ಅಂಕಿಗಳನ್ನು ಕಲಿಯುತ್ತೇವೆ. ಯಾರೂ ಹೇಳಿಕೊಡುವುದಿಲ್ಲ. ಆ ಮಕ್ಕಳನ್ನು ಎಂಥ ಭಯದಲ್ಲಿ ಬೆಳೆಸುತ್ತಿದ್ದಾರೆ ಅನ್ನುವುದೂ ಅದೇ ಗೊಂಬೆಯಲ್ಲಿ ಗೊತ್ತಾಗುತ್ತದೆ. ಇದನ್ನೇ ಯೂಟ್ಯೂಬ್‌ನಲ್ಲಿ ಉತ್ತರ ನೋಡಿಕೊಂಡು ದಾಟಿದರೆ ಐದು ಗುರುತು ಬರೆದುಕೊಂಡು ಮುಂದೆ ಹೋಗುತ್ತೀರಿ, ಅಷ್ಟೇ. ಆಟ ಮುಗಿಯುತ್ತದೆ, ಆ ಜಾಗಕ್ಕೆ ಹೋದಂತೆ ಆಗುವುದಿಲ್ಲ.

ಕಡಲ ದಂಡೆಯ ಬಂಡೆಗಳ ಮೇಲೆ ಬಿಸಿಲು ಕಾಯುವ ಪ್ರಾಣಿಗಳೂ ಹಾಗೆಯೇ. ಅವಸರದಲ್ಲಿ ಹತ್ತಿರ ಹೋದರೆ ನೀರಿಗೆ ಹಾರಿಬಿಡುತ್ತವೆ. ಸುಮ್ನೆ ನಿಂತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೆಜ್ಜೆ ಇಡಬೇಕು. ಚಿಕ್ಕಂದಿನಲ್ಲಿ ನಮಗೆ ಅಷ್ಟು ಪುರುಸೊತ್ತು ಇತ್ತು. ಈಗ ಅದನ್ನು ನಾವೇ ಮಾಡಿಕೊಳ್ಳಬೇಕು.

ಅಶೋಕನಗರ, ಮಂಡ್ಯ:

ಮೇಲಿನವರು ಹೇಳಿದ್ದು ನಿಜ. ನನ್ನದು ಬೇರೆ ಥರದ ಆಟ, ಪ್ರಾಜೆಕ್ಟ್ ಐಜಿಐ, ಶತ್ರುಗಳ ನೆಲೆಗೆ ಕದ್ದು ನುಗ್ಗುವುದು, 2000ದಲ್ಲಿ ಬಂದದ್ದು. ನಮ್ಮ ಕಡೆ ಸೈಬರ್ ಕೆಫೆಗೆ ಹೋಗುತ್ತಿದ್ದ ಯಾರನ್ನು ಕೇಳಿದರೂ ಆ ಹೆಸರು ಹೇಳುತ್ತಾರೆ ಅಲ್ವಾ? ಅದರಲ್ಲಿ ಮಿಷನ್ ನಡುವೆ ಸೇವ್ ಮಾಡುವ ಹಾಗೇ ಇಲ್ಲ. ಕರೆಂಟ್ ಹೋಗಿ ಯುಪಿಎಸ್ ಕೂಗಲು ಶುರು ಮಾಡಿದರೆ ಬ್ಯಾಟರಿ ಸಾಯುವುದರೊಳಗೆ ಮಿಷನ್ ಮುಗಿಸಬೇಕು, ಇಲ್ಲದಿದ್ದರೆ ಮೊದಲಿಂದ. ಅದಕ್ಕೇ ಪ್ರತಿ ಕ್ಯಾಮೆರಾ, ಪ್ರತಿ ಅಲಾರಂ ಬಟನ್ ಎಲ್ಲಿದೆ ಅಂತ ಮ್ಯಾಪ್ ತೆಗೆದು ನೋಡಿಯೇ ಹೆಜ್ಜೆ ಇಡುತ್ತಿದ್ದೆವು. ಹೋದ ವರ್ಷ ಮತ್ತೆ ಆಡಿದೆ. ಚಿತ್ರ ಹಳೇದಾಗಿದೆ, ಕಾವಲುಗಾರರು ಎಲ್ಲಿಂದಲೋ ಬಂದು ಬೆನ್ನಿಗೆ ನಿಲ್ಲುತ್ತಾರೆ. ಆದರೂ ರೈಲ್ವೆ ಯಾರ್ಡ್ ದಾಟುವಾಗ ಅಂಗೈ ಬೆವರಿತು. 2003ರಲ್ಲಿ ಬಂದ ಎರಡನೇ ಭಾಗದಲ್ಲಿ ಸೇವ್ ಕೊಟ್ಟರು, ಅದೂ ಲೆಕ್ಕ ಹಾಕಿ. ನನಗೆ ಮೊದಲನೆಯದೇ ಇಷ್ಟ.

ಸಿಡಿ ವಿಷಯಕ್ಕೆ ಬರುತ್ತೇನೆ. ಮೊದಲು ಐದನ್ನೂ ಕಂಪ್ಯೂಟರ್‌ಗೆ ಐಎಸ್‌ಒ ಫೈಲ್ (ಇಡೀ ಸಿಡಿಯ ನಕಲು) ಮಾಡಿಟ್ಟುಕೊಳ್ಳಿ, ಗೀರು ಬಿದ್ದಿದ್ದರೆ ಆಗಲೇ ಗೊತ್ತಾಗುತ್ತದೆ. ತೊಂಬತ್ತರ ದಶಕದ ಎಷ್ಟೋ ಆಟಗಳ ಇನ್‌ಸ್ಟಾಲರ್ 16 ಬಿಟ್‌ನದು, ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಅದು ಓಡುವುದೇ ಇಲ್ಲ. ರಿವೆನ್‌ಗಾದರೆ ಸ್ಕಮ್‌ವಿಎಂ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ಸಿಡಿಯ ಫೈಲುಗಳನ್ನು ಒಂದು ಫೋಲ್ಡರ್‌ಗೆ ಹಾಕಿ ತೋರಿಸಿದರೆ ಆಯಿತು. ಆಮೇಲೆ ಬಂದ ಕೆಲವು ಆಟಗಳ ಸಿಡಿಯಲ್ಲಿ ಸೇಫ್‌ಡಿಸ್ಕ್ ಅನ್ನುವ ನಕಲು ತಡೆಯುವ ಬೀಗ ಇರುತ್ತಿತ್ತು, ವಿಂಡೋಸ್ 10ರಿಂದ ಅದಕ್ಕೆ ಬೆಂಬಲ ತೆಗೆದುಬಿಟ್ಟರು. ಅಂಥವನ್ನು ಜಿಒಜಿ ಅನ್ನುವ ಆಟ ಮಾರುವ ವೆಬ್‌ಸೈಟಿನಲ್ಲಿ ಹುಡುಕಿ. ಅಲ್ಲಿ ಬೀಗ ಇಲ್ಲದೆ ಮಾರುತ್ತಾರೆ.

ಜಯಲಕ್ಷ್ಮೀಪುರಂ:

ಕಾದು ಕಾದು ಬಂದ ಮುಂದಿನ ಭಾಗಗಳ ಬಗ್ಗೆ ನಾನೊಂದು ಮಾತು ಸೇರಿಸುತ್ತೇನೆ. ಶೆನ್‌ಮು ಅನ್ನುವ ಆಟದ ಎರಡನೇ ಭಾಗ 2001ರಲ್ಲಿ ಬಂತು, ಮೂರನೆಯದು ಬಂದಿದ್ದು 2019ರಲ್ಲಿ. ಅದೂ ಅಭಿಮಾನಿಗಳು ಕಿಕ್‌ಸ್ಟಾರ್ಟರ್ ಅನ್ನುವ ಚಂದಾ ಎತ್ತುವ ವೆಬ್‌ಸೈಟಿನಲ್ಲಿ ದುಡ್ಡು ಹಾಕಿದ ಮೇಲೆ. ಹಳೇ ನಿಧಾನವನ್ನು ಹಾಗೇ ಉಳಿಸಿಕೊಂಡರು. ಮನೆ ಮನೆಗೆ ಹೋಗಿ ಕೇಳಬೇಕು, ಕತ್ತಲಾದರೆ ವಾಪಸ್ ಬರಬೇಕು, ಸೌದೆ ಒಡೆದು ಕಾಸು ಮಾಡಿಕೊಳ್ಳಬೇಕು. ತುಂಬಾ ಜನ ಇದು ಹಳೇ ಕಾಲದ್ದು ಅಂತ ಬೈದರು. ನಾನು ಬಯಸಿದ್ದು ಅದನ್ನೇ, ನನಗೆ ತೃಪ್ತಿಯಾಯಿತು. ಹಾಫ್ ಲೈಫ್ ಅನ್ನುವ ಶೂಟಿಂಗ್ ಆಟದ ವಿಷಯ ಹಾಗಲ್ಲ. 2007ರ ಎಪಿಸೋಡ್ ಟೂ ಕಥೆಯನ್ನು ನಡುನೀರಿನಲ್ಲಿ ಬಿಟ್ಟಿತು. 2020ರಲ್ಲಿ ಅಲಿಕ್ಸ್ ಬಂತು, ಆದರೆ ಅದು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಇದ್ದವರಿಗೆ ಮಾತ್ರ, ಕಥೆಯೂ ಬಹುಪಾಲು ಹಿಂದಿನ ಕಾಲದ್ದು. ಕಾಯುವವರು ಕಾಯುತ್ತಲೇ ಇದ್ದಾರೆ. ನಿಮಗೆ ಅಕ್ಕನೂ ಇದ್ದಾಳೆ, ಆಟವೂ ಇದೆ. ಮುಂದೆ ಹಾಕಬೇಡಿ.

ಕುವೆಂಪುನಗರ, ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸದೇ ಅಂತ ತೀರ್ಮಾನ ಮಾಡಿದೆ. ಒಂದೇ ಚಿಂತೆ, ಅಕ್ಕನಿಗೆ ಹೀಗೆ ಓಡಾಡುವ ಆಟ ನೋಡಿದರೆ ತಲೆ ಸುತ್ತುತ್ತದೆ. ನಮ್ಮ ಕಂಪ್ಯೂಟರ್ ಎಳೆಯುತ್ತದೋ ಇಲ್ಲವೋ ಅದೂ ಅನುಮಾನ.

ಸರಸ್ವತಿಪುರಂ:

ತಲೆ ಸುತ್ತುವವರ ಕೈಗೇ ಮೌಸ್ ಕೊಡಿ. ಪಕ್ಕದಲ್ಲಿ ಕೂತು ನೋಡುವವರಿಗೇ ಜಾಸ್ತಿ ಸುತ್ತುವುದು. ರೂಮಿನ ದೀಪ ಆರಿಸಬೇಡಿ, ಸ್ಕ್ರೀನಿನಿಂದ ಸ್ವಲ್ಪ ಹಿಂದೆ ಕೂರಿಸಿ, ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಬ್ಲರ್ (ಓಡಾಡುವಾಗ ಚಿತ್ರ ಮಸುಕಾಗುವುದು) ಇದ್ದರೆ ತೆಗೆಯಿರಿ. ನೋಟ್ಸ್ ಬರೆಯುವ ಕೆಲಸ ನಿಮ್ಮದು. ಅಷ್ಟಾದರೂ ಆಗದಿದ್ದರೆ ಹಳೇ ಸಿಡಿ ಇದೆಯಲ್ಲ, ನಿಂತ ಚಿತ್ರಕ್ಕೆ ಅಷ್ಟಾಗಿ ತಲೆ ಸುತ್ತುವುದಿಲ್ಲ.

ಕಂಪ್ಯೂಟರ್ ಬಗ್ಗೆ: ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ ತಗೊಳ್ಳಿ. ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆ ದಾಟದಿದ್ದರೆ ದುಡ್ಡು ವಾಪಸ್ ಕೊಡುತ್ತಾರೆ. ಅಕ್ಕ ಬರುವುದಕ್ಕೆ ಒಂದು ವಾರ ಮುಂಚೆ ಕೊಂಡು, ಶುರುವಿನ ಪಂಜರದ ದೃಶ್ಯ ಸಲೀಸಾಗಿ ಓಡುತ್ತದಾ ಅಂತ ನೋಡಿ ನಿಲ್ಲಿಸಿಬಿಡಿ. ಅದರ ಮುಂದೆ ಒಬ್ಬರೇ ಹೋಗಬೇಡಿ.