ದೊಡ್ಡಮನೆ ಗುಂಪಿನಲ್ಲಿ ತೋಟದ ಮಾತು

ಸಿರ್ಸಿಯ ನಮ್ಮ ಹಳೆಯ ಮನೆಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಹೋದ ಭಾನುವಾರ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತನ್ನು, ಹಬ್ಬದ ಶುಭಾಶಯಗಳನ್ನೂ ಬರೀ ಕೈಮುಗಿದ ಚಿತ್ರಗಳನ್ನೂ ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

ಹುಬ್ಬಳ್ಳಿ ಭಾವ: (ಫಾರ್ವರ್ಡ್ ಆದದ್ದು) ನೂರು ವರ್ಷ ದಾಟಿದ ಮನೆತನಗಳ ತೋಟ, ಎಸ್ಟೇಟುಗಳನ್ನು ಸರ್ಕಾರ ವಶಪಡಿಸಿಕೊಂಡು ಸಾರ್ವಜನಿಕ ಉದ್ಯಾನ ಮಾಡಲಿದೆ. ಬೆಂಗಳೂರಿನ ಲಾಲ್‌ಬಾಗ್ ಆದದ್ದೂ ಹೀಗೆಯೇ. ಮಲೆನಾಡಿನ ಎಲ್ಲರಿಗೂ ಕಳುಹಿಸಿ.

ಹುಬ್ಬಳ್ಳಿ ಭಾವ: ನಾನು ಮೊದಲಿನಿಂದಲೂ ಹೇಳುತ್ತಿದ್ದೆ. ಮನೆ ಖಾಲಿ ಬಿಟ್ಟರೆ ಹೀಗೇ ಆಗುವುದು.

ಬೆಂಗಳೂರು ತಮ್ಮ: ಭಾವ, ಇದರಲ್ಲಿ ತಾರೀಖಿಲ್ಲ, ಇಲಾಖೆಯ ಹೆಸರಿಲ್ಲ. ಯಾವ ರಾಜ್ಯಪತ್ರದಲ್ಲಿ ಬಂದಿದೆ, ಹೇಳಿ. ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಮಾಡಿಸಲು ತೊಡಗಿದ; ಟಿಪ್ಪು ಮುಂದುವರಿಸಿದ. ಅದು ಅರಸರ ತೋಟವಾಗಿದ್ದುದರಿಂದ 1799ರ ನಂತರ ಅಧಿಕಾರದ ಜೊತೆಗೇ ಕೈ ಬದಲಾಯಿಸಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಖಾಸಗಿ ಜಮೀನಿನ ಮಾತೇ ಬೇರೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ 60 ದಿನ ಕೊಡಬೇಕು, ಪರಿಹಾರ ನಿಗದಿಯಾಗಬೇಕು. ಒಂದು ಸಂದೇಶದಿಂದ ಯಾರ ತೋಟವೂ ಹೋಗುವುದಿಲ್ಲ.

ಹುಬ್ಬಳ್ಳಿ ಭಾವ: ಆಧಾರ ಕೇಳುವವರು ವರ್ಷಕ್ಕೊಮ್ಮೆಯಾದರೂ ಮನೆಗೆ ಬಂದು ನೋಡಬೇಕು.

ದೊಡ್ಡಪ್ಪ: ಮಕ್ಕಳೇ, ಜಗಳ ಬೇಡ. ಭೂಮಿ ಯಾರ ಅಪ್ಪನ ಆಸ್ತಿಯೂ ಅಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1974ರಲ್ಲಿ ಗೇಣಿ ಪದ್ಧತಿ ರದ್ದಾದಾಗ ನಮ್ಮ ಗದ್ದೆಗಳೆಲ್ಲ ಉಳುವವರ ಹೆಸರಿಗೆ ಹೋದವು. ಅದು ನ್ಯಾಯವೇ ಆಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ತೋಟ ಮಾತ್ರ ಉಳಿಯಿತು. ಅದನ್ನು ಹಂಚಿಕೊಂಡು ಬಾಳಬೇಕೇ ಹೊರತು ಬೀಗ ಹಾಕಿ ಕಾಯಬಾರದು.

ಚಿಕ್ಕಪ್ಪ: ಅಣ್ಣ, ಅಂದು ಗೇಣಿದಾರರ ಅರ್ಜಿಗೆ ತಕರಾರು ಹಾಕಬೇಕೆಂದು ಹಟ ಹಿಡಿದವರು ಯಾರೆಂಬುದನ್ನೂ ಬರೆದರೆ ಒಳ್ಳೆಯದು. ಈಗಲೂ ಊರಿನಲ್ಲಿ ನನ್ನ ಹೆಸರನ್ನೇ ಹೇಳುತ್ತಾರೆ.

ಕುಮಟಾ ಅಕ್ಕ: ತೋಟ ಎಂದ ಕೂಡಲೇ ನನಗೆ ಹಳ್ಳದ ಅಂಚಿನ ಅಪ್ಪೆಮಿಡಿ ಮಾವಿನ ಮರ ನೆನಪಾಗುತ್ತದೆ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗಬಾರದೆಂದು ಅಜ್ಜ ಚೀಲ ಕಟ್ಟಿಕೊಂಡು ಮರ ಹತ್ತಿಸುತ್ತಿದ್ದರು. ತೊಟ್ಟು ಮುರಿದರೆ ಸೊನೆ ಚಿಮ್ಮಿ ಕೈಯೆಲ್ಲ ಕಪ್ಪಾಗುತ್ತಿತ್ತು; ತುಟಿಗೆ ತಾಗಿದರೆ ಎಂಟು ದಿನ ಉರಿ. ಆ ಪರಿಮಳವಿರುವ ಉಪ್ಪಿನಕಾಯಿ ಆಮೇಲೆ ನನಗೆಲ್ಲೂ ಸಿಗಲಿಲ್ಲ. ಆ ಮರ ಈಗ ಯಾರ ಹಿಸ್ಸೆಯಲ್ಲಿದೆ?

ಚಿಕ್ಕಪ್ಪ: ನಮ್ಮ ಹಿಸ್ಸೆಯಲ್ಲಿದೆ. ಆದರೂ ಪ್ರತಿ ವರ್ಷ ಮಿಡಿ ಕೊಯ್ದುಕೊಂಡು ಹೋಗುವವರು ಬೇರೆಯವರು.

ಕುಮಟಾ ಅಕ್ಕ: ಒಂದು ಭರಣಿಯ ಉಪ್ಪಿನಕಾಯಿಗೆ ಇಷ್ಟು ಮಾತು ಕೇಳಬೇಕಾಗುತ್ತದೆಂದು ತಿಳಿದಿರಲಿಲ್ಲ, ಚಿಕ್ಕಪ್ಪ.

ನಾನು: ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಬಂದಿರುವ ಸುದ್ದಿ ಸುಳ್ಳು ಎಂದೇ ನನಗೂ ಅನ್ನಿಸುತ್ತದೆ. ಆದರೆ ತೋಟವನ್ನು ಊರಿಗೆ ತೆರೆಯಬೇಕೆಂಬ ಆಸೆ ಮೂರು ವರ್ಷದಿಂದ ನನ್ನದೇ ಆಗಿದೆ. ಹೇಳಲು ಧೈರ್ಯ ಸಾಲದೆ ಸುಮ್ಮನಿದ್ದೆ. ಭಾವ ಹೆದರಿದ್ದು ತೋಟದ ಜೊತೆ ಬೆಟ್ಟವೂ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡೂ, ಹೋಗುತ್ತದೆಂದು ಇರಬಹುದು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂದು ನಾವು ಹೇಳಿಕೊಂಡು ಬಂದಿದ್ದೇವೆ, ನಿಜ. ಆದರೆ ಅಲ್ಲಿ ನಮಗಿರುವುದು ಸೊಪ್ಪು, ದರಕು (ಒಣ ಎಲೆ), ಕರಡ (ಒಣ ಹುಲ್ಲು) ತರುವ ಹಕ್ಕು ಮಾತ್ರ, ನೆಲ ಸರ್ಕಾರದ್ದೇ. ಕಳೆದುಕೊಳ್ಳುತ್ತೇವೆಂದು ಅಂಜುವ ಬಹುಪಾಲು ಜಾಗ ಎಂದೂ ನಮ್ಮದಾಗಿರಲಿಲ್ಲ.

ಇನ್ನು ತೋಟ. ಉದ್ಯಾನ ಎಂದರೆ ಬೇಲಿ ತೆಗೆದು ನಾಲ್ಕು ಕಲ್ಲುಬೆಂಚು ಹಾಕುವುದಲ್ಲ. ಮಳೆಗಾಲದ ಮೊದಲು ಬಸಿಗಾಲುವೆಯ ಹೂಳು ತೆಗೆಯದಿದ್ದರೆ ಬೇರಿನಲ್ಲಿ ನೀರು ನಿಲ್ಲುತ್ತದೆ. ಮಳೆ ಬಿಟ್ಟು ಹೊಳವು ಸಿಕ್ಕಾಗ ಗೊನೆಗೆ ಮದ್ದು ಹೊಡೆಯದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆ ರಾಶಿಯಾಗಿ ಉದುರುತ್ತದೆ. ಸೊಪ್ಪು ಹಾಕದಿದ್ದರೆ ಮಣ್ಣು ಬರಡಾಗುತ್ತದೆ. ಲಾಲ್‌ಬಾಗಿನ 240 ಎಕರೆಯನ್ನು ನೋಡಿಕೊಳ್ಳಲು ತೋಟಗಾರಿಕೆ ಇಲಾಖೆಯೇ ಇದೆ. ಇಲ್ಲಿರುವವರು ನಾನು, ಜೊತೆಗೆ ವಾರದಲ್ಲಿ ಮೂರು ದಿನ ಬರುವ ಒಬ್ಬರು. ಕಳೆದ ವರ್ಷ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗದೆ ಕೆಳಗಿನ ತೋಟದ ಅರ್ಧ ಫಸಲು ಮಣ್ಣುಪಾಲಾಯಿತು. ಆಗ ಇದೇ ಗುಂಪಿನಲ್ಲಿ ಫೋಟೋ ಹಾಕಿದ್ದೆ. ಮೂವರು ಕೈಮುಗಿದ ಚಿತ್ರ ಕಳುಹಿಸಿದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಡಿಕೆ ತೋಟ ತೋಟವಾಗಿಯೇ ಇರಲಿ, ದುಡಿಯಲಿ. ಮನೆಯ ಮುಂದಿನ ಅಂಗಳ, ಕೆರೆ, ಅದರ ಮೇಲಿನ ನಮ್ಮ ಮಾಲ್ಕಿಯ ಕಾನು (ದಟ್ಟ ಕಾಡು), ಹಳ್ಳದ ಅಂಚಿನ ದಾರಿ, ಇಷ್ಟನ್ನು ಊರಿಗೆ ಬಿಡೋಣ. ಶಾಲೆಯ ಮಕ್ಕಳು ಬಂದು ಮುರುಗಲು, ವಾಟೆ, ಉಪ್ಪಾಗೆ ಮರಗಳ ಹೆಸರು ಹಿಡಿದು ಹೇಳುವಂತಾಗಲಿ. ನಮ್ಮ ಮನೆಯ ಮಕ್ಕಳಿಗೂ ಅವು ಗೊತ್ತಿಲ್ಲ.

ಬೆಂಗಳೂರು ತಮ್ಮ: ಅಕ್ಕ, ಕೃಷಿ ಜಮೀನನ್ನು ಬೇರೆ ಬಳಕೆಗೆ ತಂದರೆ ಭೂ ಪರಿವರ್ತನೆ ಬೇಕಾಗುತ್ತದೆ. ಕಟ್ಟಡವಿಲ್ಲದೆ ಓಡಾಟಕ್ಕೆ ಮಾತ್ರ ಬಿಟ್ಟರೆ ಹೇಗೆಂದು ವಕೀಲರನ್ನು ಕೇಳಿ ಬರೆಯುತ್ತೇನೆ. ಮದ್ದಿನ ಖರ್ಚಿನಲ್ಲಿ ನನ್ನ ಪಾಲು ಈ ವರ್ಷದಿಂದ ಕಳುಹಿಸುತ್ತೇನೆ. ಆ ಫೋಟೋಕ್ಕೆ ಕೈಮುಗಿದವರಲ್ಲಿ ನಾನೂ ಒಬ್ಬ.

ದೊಡ್ಡಪ್ಪ: ತಂಗೀ, ನಿನ್ನ ಮಾತು ನನಗೆ ಒಪ್ಪಿಗೆ. ಎಲ್ಲ ಹಿಸ್ಸೇದಾರರೂ ಸಹಿ ಮಾಡಬೇಕು.

ಕಾರವಾರ ಅತ್ತೆ: ಬೆಳಿಗ್ಗೆಯಿಂದ ಓದುತ್ತಿದ್ದೇನೆ, ಅಣ್ಣಯ್ಯ. 1988ರಲ್ಲಿ ಆಸ್ತಿ ಪಾಲಾಗಿ ವಾಟಣಿ ಪತ್ರ ಬರೆದಾಗ ನಾನು ಅದೇ ಮನೆಯ ಜಗಲಿಯಲ್ಲಿ ಕುಳಿತು ನಿಮಗೆಲ್ಲ ಎಲೆ ಅಡಿಕೆ ಹರಿವಾಣ ತಂದಿಟ್ಟೆ. ಹೆಣ್ಣುಮಕ್ಕಳಿಗೆ ಏನಾದರೂ ಬೇಕೇ ಎಂದು ಒಬ್ಬರೂ ಕೇಳಲಿಲ್ಲ. ಈಗ ಊರಿನವರಿಗೆಲ್ಲ ಕೊಡಲು ಹೊರಟಿದ್ದೀರಿ. ಸಂತೋಷ, ಕೊಡಿ, ಆ ಕೆರೆಯಲ್ಲಿ ಈಜು ಕಲಿತವಳು ನಾನು. ಆದರೆ ಹೊಸ ಕಾಗದದಲ್ಲಿ ಹಿಸ್ಸೇದಾರರ ಸಾಲಿನಲ್ಲಿ ನನ್ನ ಹೆಸರೂ ತಂಗಿಯ ಹೆಸರೂ ಇರಬೇಕು. ಕಾನೂನು ಕೊಡುತ್ತದೆಯೋ ಇಲ್ಲವೋ ಎಂದು ಕೇಳುತ್ತಿಲ್ಲ. ನೀನು ಕೊಡುತ್ತೀಯಾ ಎಂದು ಕೇಳುತ್ತಿದ್ದೇನೆ.

ಹುಬ್ಬಳ್ಳಿ ಭಾವ: ನಾನು ಸುದ್ದಿ ಕಳುಹಿಸಿದ್ದು ಎಚ್ಚರಿಕೆಗೆ. ಇದಕ್ಕೂ ಅದಕ್ಕೂ ಏನು ಸಂಬಂಧ?

ದೊಡ್ಡಪ್ಪ ಆ ದಿನ ಮತ್ತೆ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ, ಗುಂಪಿನಲ್ಲಿ ಅಲ್ಲ, ನನಗೇ ಫೋನು ಮಾಡಿ, ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ವಾಟಣಿ ಪತ್ರದ ಮೂಲ ಪ್ರತಿ ಇದೆಯೇ ನೋಡು, ಇದ್ದರೆ ಅದನ್ನೂ ಹೊಸ ಪಹಣಿಯನ್ನೂ ತೆಗೆದುಕೊಂಡು ಬಾ, ಕಾರವಾರಕ್ಕೆ ಹೋಗಿಬರೋಣ ಎಂದರು.